ಮಗ್ಗದ ಕೋಣೆ ದಾಟಿ ಸಾಲಿಗೆ

ನಮ್ಮ ಮನೆಯಲ್ಲಿ ಮಗ್ಗಕ್ಕೆ ಒಂದು ಕೋಣೆ ಇತ್ತು, ನಮಗೆ ಇರಲಿಲ್ಲ. ಗಜೇಂದ್ರಗಡದ ಗುಡ್ಡದ ಬುಡದ ಓಣಿಯಲ್ಲಿ ಒಂದರ ಹಿಂದೊಂದು ಮೂರು ಕೋಣೆಯ ಮನೆ. ಬೀದಿಗೆ ಹತ್ತಿಕೊಂಡ ಮುಂದಿನ ಕೋಣೆ ಪೂರ್ತಿ ಮಗ್ಗದ್ದು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ನೇಯಲು ಕುಳಿತರೆ ಸೊಂಟದಿಂದ ಮೇಲಿನ ಅಪ್ಪ ಮಾತ್ರ ನಮಗೆ ಕಾಣುತ್ತಿದ್ದ. ಅದರ ಹಿಂದೆ ನಡುಮನೆ. ಅಲ್ಲಿ ನೂಲು ಸುತ್ತುವ ರಾಟಿ, ಹಾಸಿಗೆಯ ಸುರುಳಿ, ನನ್ನ ಪಾಟಿಚೀಲ, ಅಪ್ಪನ ತಾಯಿ ಆಯಿಯ ಕೌದಿ, ಎಲ್ಲವೂ ಒಂದರ ಮೇಲೊಂದು. ಅದರ ಹಿಂದೆ ಅಡುಗೆಮನೆ. ಹಿತ್ತಲ ಬಾಗಿಲು ಇರಲಿಲ್ಲ, ಹಿಂದಿನ ಮನೆಯವರ ಗೋಡೆ ನಮ್ಮ ಒಲೆಗೆ ಆತುಕೊಂಡಿತ್ತು. ನೀರಿಗೆ ಹೋಗಲಿ, ಅಂಗಡಿಗೆ ಹೋಗಲಿ, ಸಾಲಿಗೆ ಹೋಗಲಿ, ಅಪ್ಪನ ಮುಂದೆಯೇ ಹಾಯ್ದು ಹೋಗಬೇಕು. ಈಗ ನಾನು ನರಗುಂದದಲ್ಲಿ ಒಂದು ಪ್ರಾಥಮಿಕ ಸಾಲಿಯಲ್ಲಿ ಕಲಿಸುತ್ತೇನೆ. ಬಾಡಿಗೆ ಮನೆ ನೋಡಲು ಹೋದಾಗ ಎಲ್ಲರೂ ನೀರು, ಗಾಳಿ, ಬೆಳಕು ಕೇಳಿದರೆ ನಾನು ಮೊದಲು ಹಿಂದಿನ ಬಾಗಿಲು ಎಲ್ಲಿದೆ ಎಂದು ಕೇಳಿದೆ. ಮನೆಯ ಯಜಮಾನರು ನಕ್ಕರು.

ಬೆಳಿಗ್ಗೆ ಏಳರಿಂದ ಮಗ್ಗದ ಸದ್ದು ಸುರುವಾಗುತ್ತಿತ್ತು. ಲಾಳಿ ಆ ಕಡೆಯಿಂದ ಈ ಕಡೆಗೆ ಹಾರುವುದು, ಅದರ ಬೆನ್ನಿಗೇ ಹಲಗೆ ಬಡಿಯುವುದು. ಅದು ನಡೆದಷ್ಟು ಹೊತ್ತು ನಾವು ಮೂವರು ಹೆಂಗಸರು ಬದುಕು ಮಾಡುತ್ತಿದ್ದೆವು. ಅವ್ವ ರೊಟ್ಟಿ ಬಡಿಯುವಳು, ಆಯಿ ರಾಟಿ ತಿರುವುತ್ತ ಯಾರದೋ ಮನೆಯ ಸುದ್ದಿ ಹೇಳುವಳು, ನಾನು ಲೆಕ್ಕ ಬಿಡಿಸುವೆನು. ಸದ್ದು ನಿಂತರೆ ಮೂವರೂ ನಿಲ್ಲುತ್ತಿದ್ದೆವು. ಎಳೆ ಹರಿದರೆ ಗಂಟು ಹಾಕಲು ಎಷ್ಟು ಹೊತ್ತು ಬೇಕು, ಲಾಳಿಯೊಳಗಿನ ನೂಲು ಮುಗಿದರೆ ಬದಲಿಸಲು ಎಷ್ಟು ಹೊತ್ತು ಬೇಕು ಎಂಬುದು ನಮ್ಮ ಉಸಿರಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾದರೆ ಅಪ್ಪ ಕುಣಿಯಿಂದ ಮೇಲೆ ಏಳುತ್ತಿದ್ದಾನೆ ಎಂದೇ ಅರ್ಥ. ಅವ್ವನ ಅಂಗೈ ಹಿಟ್ಟಿನ ಮೇಲೆ ಹಾಗೆಯೇ ಉಳಿಯುತ್ತಿತ್ತು, ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು. ಆಮೇಲೆ ಆ ಹೊತ್ತಿದ ರೊಟ್ಟಿಯೇ ಕಾರಣವಾಗುತ್ತಿತ್ತು. ಕಾರಣ ಯಾವುದಾದರೂ ಆಗಬಹುದಿತ್ತು. ಪುಂಡಿಪಲ್ಯ ಹುಳಿಯಾಯಿತು, ನೂಲು ಸಡಿಲಾಗಿ ಸುತ್ತಿದೆ, ಬಾಗಿಲಲ್ಲಿ ಯಾರ ಜೊತೆ ಮಾತಾಡಿದಿ. ಅಪ್ಪ ಕುಡಿಯುತ್ತಿರಲಿಲ್ಲ. ಕುಡಿಯುತ್ತಿದ್ದರೆ ಓಣಿಯವರಿಗೆ ಹೇಳಲು ಒಂದು ಮಾತಾದರೂ ಇರುತ್ತಿತ್ತು. ಅವನು ನೇಯ್ದ ಸೀರೆಯ ಅಂಚನ್ನು ಎಲ್ಲರೂ ಹೊಗಳುತ್ತಿದ್ದರು. ಹರಿದ ಎಳೆಗೆ ಅವನು ಹಾಕಿದ ಗಂಟು ಬೆರಳಿಗೂ ಹತ್ತುತ್ತಿರಲಿಲ್ಲ. ಉಳಿದ ಬಣ್ಣದ ನೂಲಿನಲ್ಲಿ ನನ್ನ ಪಾಟಿಚೀಲಕ್ಕೆ ಒಂದು ಪಟ್ಟಿ ನೇಯ್ದು ಕೊಟ್ಟಿದ್ದ, ಅದನ್ನು ನಾನು ಗೆಳತಿಯರಿಗೆಲ್ಲ ತೋರಿಸಿಕೊಂಡು ಬಂದಿದ್ದೆ. ನನಗೆ ಅಪ್ಪ ಬೇಕಾಗಿದ್ದ. ಇದನ್ನು ಬರೆಯುವುದೇ ಉಳಿದುದಕ್ಕಿಂತ ಕಷ್ಟ.

ಅಮಾವಾಸ್ಯೆ ಎಲ್ಲಕ್ಕಿಂತ ಕೆಟ್ಟದ್ದು. ಅಂದು ಮಗ್ಗಕ್ಕೆ ಸೂಟಿ. ಅವ್ವ ಕೋಣೆ ಸಾರಿಸುವಳು, ಅಪ್ಪ ಮಿಂದು ಮಗ್ಗಕ್ಕೆ ವಿಭೂತಿ ಹಚ್ಚಿ, ಹೂವು ಏರಿಸಿ, ಕಾಯಿ ಒಡೆಯುವನು. ಹೋಳಿಗೆಯ ಊಟ. ಓಣಿಯ ಬೇರೆ ಮಕ್ಕಳಿಗೆ ಅದು ಹಬ್ಬ. ನಮ್ಮ ಮನೆಯಲ್ಲಿ ಇಡೀ ದಿನ ಸದ್ದಿಲ್ಲ. ಸದ್ದಿಲ್ಲವೆಂದರೆ ಅಪ್ಪ ಎಲ್ಲಿದ್ದಾನೆ, ಯಾವಾಗ ಏಳುತ್ತಾನೆ ಗೊತ್ತಾಗುವುದಿಲ್ಲ. ನಾನು ಅಂದು ಕುಳಿತಲ್ಲಿ ಕೂರುತ್ತಿರಲಿಲ್ಲ. ಹೋಳಿಗೆ ಕೈಯಲ್ಲಿ ಹಿಡಿದೇ ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಅಡುಗೆಮನೆಗೆ ತಿರುಗುತ್ತಿದ್ದೆ. ಸುಮ್ಮನಿದ್ದ ಪಾತ್ರೆಯನ್ನು ಕಾಲಲ್ಲಿ ಒದ್ದು ಸದ್ದು ಮಾಡುತ್ತಿದ್ದೆ. ಆಯಿ ಬೈಯುತ್ತಿದ್ದಳು.

“ಒಂದ ಗಳಿಗಿ ಕುಂದ್ರಬಾರದೇನ ನೀ? ಬುಡಕ ಮುಳ್ಳ ಅದಾವೇನು?”

ಸಾಲಿಯಲ್ಲೂ ಇದೇ ಮಾತು. ಪಾಠ ನಡೆದಾಗ, ಮಗ್ಗಿ ಕೂಗುವಾಗ, ಪದ್ಯ ಹೇಳುವಾಗ ನಾನು ಸರಿಯಾಗಿಯೇ ಇರುತ್ತಿದ್ದೆ. ಮಾಸ್ತರರು ಹಲಗೆಯ ಕಡೆ ತಿರುಗಿ ಬರೆಯತೊಡಗಿ, ಇಡೀ ವರ್ಗ ಸುಮ್ಮನಾಯಿತೋ, ನನ್ನ ಎದೆಯೊಳಗೆ ಏನೋ ಏರಿ ಬರುತ್ತಿತ್ತು. ಕಾಲು ತಾನೇ ನೆಲಕ್ಕೆ ಬಡಿದುಕೊಳ್ಳುತ್ತಿತ್ತು. ಅಳತೆಪಟ್ಟಿ ಕೆಡವುತ್ತಿದ್ದೆ, ಪಕ್ಕದವಳ ಜಡೆ ಎಳೆಯುತ್ತಿದ್ದೆ, ಕಾರಣವಿಲ್ಲದೆ ನಗುತ್ತಿದ್ದೆ. ಯಾರಾದರೂ ಬೈದರೆ ಸಮಾಧಾನ. ಬೈಗುಳ ಎಲ್ಲಿಂದ ಬರುತ್ತಿದೆ ಎಂದಾದರೂ ಗೊತ್ತಾಗುತ್ತಿತ್ತಲ್ಲ. ಮನೆಗೂ ಸಾಲಿಗೂ ಸಂಬಂಧವಿದೆ ಎಂದು ನನಗೆ ಆಗ ತಿಳಿದಿರಲಿಲ್ಲ. ನಾನು ಕೆಟ್ಟ ಹುಡುಗಿ ಎಂದು ಎಲ್ಲರೂ ಅಂದಿದ್ದರು, ನಾನೂ ಒಪ್ಪಿಕೊಂಡಿದ್ದೆ. ಎರಡನೆಯ ಇಯತ್ತೆಯಲ್ಲಿ ಅರ್ಧ ವರ್ಷ ವರ್ಗದ ಹೊರಗೆ ನಿಂತೇ ಕಲಿತೆ.

ನಾಲ್ಕನೆಯ ಇಯತ್ತೆಗೆ ನದಾಫ ಅಕ್ಕೋರು ಬಂದರು. ರೋಣದಿಂದ ದಿನಾಲು ಬಸ್ಸಿಗೆ ಬರುತ್ತಿದ್ದರು. ತೆಳ್ಳಗಿನ ಹೆಂಗಸು, ಸಣ್ಣ ದನಿ, ತಲೆಯ ಮೇಲಿನ ಸೆರಗು ಎಂದೂ ಜಾರುತ್ತಿರಲಿಲ್ಲ. ತಮ್ಮ ವರ್ಗದಲ್ಲಿ ಗುಂಡುಸೂಜಿ ಬಿದ್ದರೂ ಕೇಳಬೇಕು ಎಂಬುದು ಅವರ ಹೆಮ್ಮೆ. ಉಕ್ತಲೇಖನ ಅವರಿಗೆ ಪ್ರೀತಿ. ಒಂದು ಶಬ್ದ ಹೇಳಿ, ನಾವೆಲ್ಲ ಬರೆದು ಮುಗಿಸುವವರೆಗೆ ಸುಮ್ಮನೆ ನಿಲ್ಲುತ್ತಿದ್ದರು. ಅದೊಂದು ಅಮಾವಾಸ್ಯೆಯ ಮರುದಿನ. ಮೂರನೆಯ ಶಬ್ದವೋ ನಾಲ್ಕನೆಯದೋ ಹೇಳಿ ನಿಂತಾಗ ನನಗೆ ತಡೆಯಲಾಗಲಿಲ್ಲ. ಮೂಲೆಯಲ್ಲಿ ಬಿಸಿಯೂಟದ ತಾಟುಗಳನ್ನು ಒಟ್ಟಿ ಇಟ್ಟಿದ್ದರು. ಎದ್ದು ಹೋಗಿ ಒದ್ದುಬಿಟ್ಟೆ. ಅಷ್ಟೂ ತಾಟು ನೆಲಕ್ಕೆ ಬಿದ್ದು ಸಾಲಿಯೇ ಅದುರಿತು. ಒಂದು ತಾಟಿನ ಅಂಚು ಮಹಾದೇವಿ ಎಂಬ ನನ್ನ ವಾರಿಗೆಯ ಹುಡುಗಿಯ ಹುಬ್ಬಿಗೆ ಬಡಿದು ರಕ್ತ ಬಂತು. ಅಕ್ಕೋರು ಅವಳ ಹುಬ್ಬಿಗೆ ಅರಿಷಿಣ ಒತ್ತುತ್ತ ನನ್ನ ಕಡೆ ನೋಡಿದರು.

“ಇವತ್ತ ನಿಮ್ಮ ಅಪ್ಪಗ ಫೋನ್ ಮಾಡ್ತೀನಿ ನೋಡು.”

ಅಪ್ಪನ ಬಳಿ ಗುಂಡಿಯೊತ್ತುವ ಒಂದು ಸಣ್ಣ ಫೋನ್ ಇತ್ತು. ಅದನ್ನು ಮಗ್ಗದ ಕಂಬಕ್ಕೆ ಅರಿವೆಯ ಚೀಲದಲ್ಲಿ ತೂಗುಹಾಕಿದ್ದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದು ಬಾರಿಸಿತು. ನಾನು ರಾಟಿಯ ಮುಂದೆ ಇದ್ದೆ. ಮಗ್ಗ ನಿಂತಿತು. ಅಪ್ಪನ ದನಿ ಎಷ್ಟು ಮೆತ್ತಗಿತ್ತೆಂದರೆ ಬೇರೆ ಯಾರೋ ಮಾತಾಡುತ್ತಿದ್ದಾರೆ ಅನ್ನಿಸಿತು.

“ಹೌದ್ರಿ ಅಕ್ಕೋರ. ಖರೇ ಐತ್ರಿ ನೀವು ಹೇಳೂದು. ನೀವೇನ ಕಾಳಜಿ ಮಾಡಬ್ಯಾಡ್ರಿ, ನಾ ನೋಡ್ಕೋತೀನ್ರಿ.”

ಆಮೇಲೆ ಮಗ್ಗ ಮತ್ತೆ ಸುರುವಾಗಲಿಲ್ಲ. ಅಪ್ಪ ನನ್ನನ್ನು ಮುಟ್ಟಲಿಲ್ಲ. ನನ್ನ ಪಕ್ಕದಿಂದ ಹಾಯ್ದು ಅಡುಗೆಮನೆಗೆ ಹೋದ. “ಹಿಂಗ ಬೆಳಿಸೀಯೇನ ಮಗಳ್ನ?” ಎಂದದ್ದು ಕೇಳಿತು. ಒಂದು ಕೊಡ ಉರುಳಿದ್ದು ಕೇಳಿತು. ಅವ್ವ ಕೂಗಲಿಲ್ಲ, ಅವಳು ಎಂದೂ ಕೂಗುತ್ತಿರಲಿಲ್ಲ. ಆಯಿ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. ಮರುದಿನ ದವಾಖಾನಿಯಲ್ಲಿ ಅವ್ವನ ಬಲಗೈಗೆ ಸುಣ್ಣದ ಪಟ್ಟಿ ಹಾಕಿದರು. ಡಾಕ್ಟರು ಕೇಳಿದ್ದಕ್ಕೆ ಅವ್ವ, “ಹೊಸ್ತಿಲಾ ಎಡವಿ ಬಿದ್ನಿರಿ” ಎಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ನಾನು ಒದ್ದ ತಾಟು ಸುತ್ತಿ ಬಂದು ಅವ್ವನ ಕೈ ಮುರಿದಿತ್ತು. ಅದು ನನಗೆ ಕೂಡುವ ಲೆಕ್ಕದಷ್ಟು ಸ್ಪಷ್ಟವಾಗಿತ್ತು.

ಎರಡು ದಿನ ಬಿಟ್ಟು ಸಾಲಿಗೆ ಹೋದೆ. ಅಂದು ನಾನು ಅಲುಗಾಡಲಿಲ್ಲ. ಕಾಲು ಬಡಿಯಲು ಹೊರಟರೆ ಎರಡೂ ಕೈಯಲ್ಲಿ ಮೊಣಕಾಲು ಹಿಡಿದುಕೊಂಡೆ. ಅಕ್ಕೋರು ಹಲಗೆಗೆ ತಿರುಗಿದರು, ಬರೆದರು, ತಿರುಗಿ ನೋಡಿದರು. ಅವರ ಮುಖ ಅರಳಿತು.

“ನೋಡ್ರಿ, ಇವತ್ತ ನೀಲಾ ಎಷ್ಟ ಚಲೋ ಕುಂತಾಳ! ಎಲ್ಲಾರೂ ಆಕಿಗೆ ಚಪ್ಪಾಳಿ ಹೊಡೀರಿ.”

ಚಪ್ಪಾಳೆ ಹೊಡೆದರು. ಅವರು ಹೊಡೆಯುತ್ತಿರುವಾಗಲೇ ನನ್ನ ಲಂಗ ಒದ್ದೆಯಾಗಿ ನೆಲಕ್ಕೆ ಹರಿಯಿತು. ನನಗೆ ಅದು ಬಂದದ್ದೇ ತಿಳಿಯಲಿಲ್ಲ. ಚಪ್ಪಾಳೆ ನಿಂತಿತು. ಹಿಂದಿನವನೊಬ್ಬ ಕಿಸಕ್ಕನೆ ನಕ್ಕ. ಅಕ್ಕೋರು ಅವನನ್ನು ಬೈಯಲಿಲ್ಲ. ಊಟದ ಗಂಟೆಗೆ ಇನ್ನೂ ಹೊತ್ತಿತ್ತು, ಆದರೂ ಎಲ್ಲರನ್ನೂ ಬಯಲಿಗೆ ಕಳಿಸಿದರು. ಬಕೇಟು ತಂದು ತಾವೇ ನೆಲ ಒರೆಸಿದರು. ನಾನು ಬೆಂಚು ಬಿಟ್ಟು ಏಳಲಿಲ್ಲ. ಅವರು ಒರೆಸುತ್ತ ಒರೆಸುತ್ತ ನನ್ನ ಕಾಲಿನ ತನಕ ಬಂದಾಗ ನನ್ನ ಬಾಯಿಂದ ಮಾತು ಹೊರಬಿತ್ತು.

“ಅಕ್ಕೋರ, ಫೋನ್ ಮಾಡಬ್ಯಾಡ್ರಿ.”

“ಇಲ್ಲವ್ವಾ, ಇದಕ್ಕ್ಯಾಕ ಫೋನ್ ಮಾಡ್ಲಿ?”

“ಫೋನ್ ಮಾಡಬ್ಯಾಡ್ರಿ. ಅವ್ವನ ಕೈ ಮುರದೈತ್ರಿ. ಇನ್ನೊಂದ ಕೈ ಐತ್ರಿ.”

ಅವರು ಒದ್ದೆ ಅರಿವೆ ಹಿಡಿದುಕೊಂಡೇ ನೆಲದ ಮೇಲೆ ಕುಳಿತುಬಿಟ್ಟರು. ಯಾರು, ಹೇಗೆ, ಯಾವಾಗ ಎಂದು ಕೇಳಲಿಲ್ಲ. ನನ್ನ ಕಾಲು ಮತ್ತೆ ನೆಲಕ್ಕೆ ಬಡಿಯತೊಡಗಿತ್ತು, ಅದನ್ನು ನೋಡುತ್ತ ಕುಳಿತರು. ಕೊನೆಗೆ ಹೇಳಿದರು.

“ಮಹಾದೇವಿಗೆ ಪೆಟ್ಟಾತು, ಅದು ನಿಂದು ತಪ್ಪು. ಫೋನ್ ಮಾಡಿದ್ದು ನಂದು ತಪ್ಪು. ನಿಮ್ಮವ್ವನ ಕೈ ನಿನ್ನಿಂದ ಮುರದಿಲ್ಲ. ತಿಳೀತಿಲ್ಲೋ?”

ದೊಡ್ಡವರೊಬ್ಬರು ತಮ್ಮದೇ ತಪ್ಪು ಎಂದು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಂಬಲಿಲ್ಲ. ಇದರಲ್ಲಿ ಏನೋ ಮೋಸ ಇರಬೇಕು ಅಂದುಕೊಂಡೆ. ಅಕ್ಕೋರು ಬಿಸಿಯೂಟದ ಅಡುಗೆಯವಳ ಹತ್ತಿರದಿಂದ ಒಂದು ಒಣ ಸೀರೆ ತಂದು ಎರಡು ಸುತ್ತು ಸುತ್ತಿ ಕೂರಿಸಿದರು. ನನ್ನ ಲಂಗ ಸಾಲಿಯ ಗೋಡೆಯ ಮೇಲೆ ಒಣಗಿತು.

ಆಮೇಲೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾದೀತು. ಮುಂದಿನ ಒಂದು ತಿಂಗಳು ನಾನು ಅಕ್ಕೋರನ್ನು ಗೋಳಾಡಿಸಿದೆ. ಮೊದಲು ಅವರು ನನ್ನನ್ನು ಮುಂದಿನ ಸಾಲಿನಲ್ಲಿ ತಮ್ಮ ಮೇಜಿನ ಹತ್ತಿರ ಕೂರಿಸಿದರು. ಬೆನ್ನ ಹಿಂದೆ ಇಡೀ ವರ್ಗ, ನಾನು ತಿರುಗಿ ತಿರುಗಿ ನೋಡುವುದೇ ಆಯಿತು. ಕಿಟಕಿಯ ಹತ್ತಿರ ಕೂರಿಸಿದರು, ಆಗಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವಂತೆ ಕೂರಿಸಿ, “ಇಲ್ಲೆ ಹ್ಯಾಂಗ?” ಎಂದು ಕೇಳಿದರು. ಅಲ್ಲಿ ಒಂದಿಷ್ಟು ಉಸಿರು ಬಂತು. ಗುಂಡುಸೂಜಿಯ ಮಾತು ಬಿಟ್ಟೇಬಿಟ್ಟರು. ಹಲಗೆಗೆ ತಿರುಗುವ ಮೊದಲು ಹೇಳುವರು: “ಈಗ ನಾ ಬರ್ಯಾಕ ತಿರಗ್ತೀನಿ. ನಾಕ ಸಾಲ ಬರಿಯೋತನಕ ಮಾತಾಡೂದಿಲ್ಲ. ಬರದ ಮ್ಯಾಲೆ ನಿಮ್ಮ ಕಡೆ ತಿರಗ್ತೀನಿ.” ಮೊದಮೊದಲು ಹುಡುಗರು ನಕ್ಕರು. ಆಮೇಲೆ ಅವರಿಗೂ ಅದು ರೂಢಿಯಾಯಿತು. ಹೆಡ್‌ಮಾಸ್ತರರು ಒಮ್ಮೆ ಬಾಗಿಲಲ್ಲಿ ನಿಂತು, “ಒಬ್ಬಾಕಿ ಸಲುವಾಗಿ ಇಷ್ಟೆಲ್ಲಾ ಯಾಕ್ರಿ?” ಎಂದರು. “ಒಬ್ಬಾಕೀನ ಅದಾಳಂತ ಹ್ಯಾಂಗ ಹೇಳೂದ್ರಿ, ಸರ್?” ಎಂದು ಅಕ್ಕೋರು ಸಣ್ಣ ದನಿಯಲ್ಲೇ ಉತ್ತರಿಸಿದರು.

ನಾನು ಮಾತ್ರ ಅವರನ್ನು ಪರೀಕ್ಷಿಸುತ್ತಲೇ ಇದ್ದೆ. ಸುಣ್ಣದ ಕಡ್ಡಿ ಪುಡಿ ಮಾಡಿದೆ. ಗೋಡೆಯ ಮೇಲಿನ ಕರ್ನಾಟಕದ ನಕಾಶೆ ಹರಿದೆ. ಹರಿದ ದಿನ ಸಂಜೆಯೆಲ್ಲ ಕಂಬದ ಮೇಲಿನ ಆ ಅರಿವೆಯ ಚೀಲವನ್ನೇ ನೋಡುತ್ತ ಕುಳಿತಿದ್ದೆ. ಫೋನ್ ಬಾರಿಸಲಿಲ್ಲ. ಮರುದಿನವೂ ಇಲ್ಲ. ಅಕ್ಕೋರು ಸಾಲಿ ಬಿಟ್ಟ ಮೇಲೆ ನನ್ನನ್ನು ನಿಲ್ಲಿಸಿಕೊಂಡು, “ಹರದಾಕಿ ನೀನು, ಅಂಟ ಹಚ್ಚಾಕ ನಾನೂ ಬರ್ತೀನಿ” ಎಂದು ನೆಲದ ಮೇಲೆ ನಕಾಶೆ ಹಾಸಿದರು. ಇಬ್ಬರೂ ಕೂಡಿ ಚೂರು ಚೂರು ಜೋಡಿಸಿದೆವು. ಬೀದರದ ಕಡೆಯ ಒಂದು ಚೂರು ಸಿಗಲೇ ಇಲ್ಲ. ಅಂಟು ಒಣಗುವವರೆಗೆ ಹಾಜರಿ ಪುಸ್ತಕ ತಿರುವುತ್ತ, “ಅಮಾಸಿ ಮರುದಿನ ನೀ...” ಎಂದು ಏನೋ ಕೇಳಲು ಹೊರಟವರು ಅರ್ಧಕ್ಕೇ ನಿಲ್ಲಿಸಿದರು. ಅಂದಿನಿಂದ ಅಮಾವಾಸ್ಯೆಯ ಮರುದಿನ ನಮ್ಮ ವರ್ಗದಲ್ಲಿ ಉಕ್ತಲೇಖನ ಇರಲಿಲ್ಲ. ಹಾಡು ಇರುತ್ತಿತ್ತು. ಯಾಕೆಂದು ಉಳಿದವರಿಗೆ ಗೊತ್ತಾಗಲಿಲ್ಲ.

ಒಂದು ಶನಿವಾರ ಸಾಲಿ ಬಿಟ್ಟ ಮೇಲೆ ಅಕ್ಕೋರು ನಮ್ಮ ಮನೆಗೇ ಬಂದರು. ತಂಗಿಗೆ ಸೀರೆ ನೋಡಬೇಕು ಅಂದರು. ಅಪ್ಪ ಬಹಳ ಮರ್ಯಾದೆಯಿಂದ ನಾಲ್ಕು ಅಂಚು ಬಿಚ್ಚಿ ತೋರಿಸಿದ. “ಒಳಗ ನಿಮ್ಮ ಮನ್ಯಾಗಿನವರಿಗೂ ಒಂದ ಮಾತ ಕೇಳ್ತೀನ್ರಿ, ಬಣ್ಣ ಹೆಂಗಸರಿಗೇ ಚಲೋ ಗೊತ್ತಾಗ್ತೈತಿ” ಎಂದು ಅಡುಗೆಮನೆಗೆ ಬಂದರು. ಮಗ್ಗ ಸುರುವಾಯಿತು. ಅವ್ವ ಎಡಗೈಯಲ್ಲಿ ಚಹಾ ಸೋಸತೊಡಗಿದಳು. ಅಕ್ಕೋರು ಸೀರೆಯ ಅಂಚನ್ನು ಮಡಿಲಲ್ಲಿ ಹಿಡಿದು, ಅಂಚಿನ ಬಗ್ಗೆಯೇ ಮಾತಾಡುವಂತೆ ತಲೆ ತಗ್ಗಿಸಿ ಮಾತಾಡಿದರು.

“ಅಕ್ಕಾ, ನಿಮ್ಮ ತವರಾಗ ಯಾರದಾರ್ರಿ?”

“ಹೊಳೆಆಲೂರಾಗ ಅಣ್ಣ ಅದಾನ್ರಿ. ಬಾ ಅಂತಾನು. ಆದ್ರ ಹ್ಯಾಂಗ ಹೋಗ್ಲ್ರಿ? ನಡುವ ಈಕಿ ಸಾಲಿ ತಪ್ಪತೈತಿ. ಒಂದ ವರ್ಷ ತಪ್ಪಿದ್ರ ಆಮ್ಯಾಲೆ ಬಿಡಸೇ ಬಿಡ್ತಾರ್ರಿ.”

“ಸಾಲಿ ತಪ್ಪೂದಿಲ್ಲ. ಕಾಗದಪತ್ರ ಎಲ್ಲಾ ನಾ ಮುಂದ ನಿಂತ ಮಾಡಸ್ತೀನಿ. ಹೋಗ್ರಿ ಅಂತ ನಾ ಹೇಳೂದಿಲ್ರಿ, ಅದು ನಿಮಗ ಬಿಟ್ಟದ್ದು. ಸಾಲಿ ಸಲುವಾಗಿ ಮಾತ್ರ ಇಲ್ಲಿ ಇರಬ್ಯಾಡ್ರಿ.”

ಆಗ ಮಗ್ಗ ನಿಂತಿತು. ಅವ್ವನ ಕೈಯ ಚಹಾ ಸೋಸುವುದು ನಿಂತಿತು. ಆಯಿ ನಿಂತಳು, ನಾನು ನಿಂತೆ. ಅಕ್ಕೋರು ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು. ಎಳೆ ಹರಿದಿತ್ತು ಅಷ್ಟೇ, ಮಗ್ಗ ಮತ್ತೆ ಸುರುವಾಯಿತು. ಅಕ್ಕೋರ ಕಣ್ಣಲ್ಲಿ ನೀರು ಬಂದಿತ್ತು. ಅವರು ಹೋದ ಮೇಲೆ, ಇಷ್ಟು ವರ್ಷ ಗೋಡೆ ನೋಡಿಕೊಂಡು ಕುಳಿತಿದ್ದ ಆಯಿ ಬಾಯಿ ಬಿಟ್ಟಳು.

“ಕಸ್ತೂರಿ, ನೀ ಹೋಗವ್ವಾ. ಅವಗ ರೊಟ್ಟಿ ನಾ ಬಡದ ಹಾಕ್ತೀನಿ.”

ಮುಂದಿನ ವಾರ ಒಂದು ಮುಂಜಾನೆ, ಅಪ್ಪ ನೇಯಲು ಕುಳಿತು ಸ್ವಲ್ಪ ಹೊತ್ತಾಗಿತ್ತು. ಅವ್ವ ಒಂದು ಗಂಟು, ನಾನು ಪಾಟಿಚೀಲ ಹಿಡಿದು ನಡುಮನೆಯಲ್ಲಿ ನಿಂತಿದ್ದೆವು. ಆಯಿ ಮುಂದೆ ಹೋದಳು. ಹೋಗಿ ಕುಣಿಯ ಅಂಚಿನ ಮೇಲೆ, ಅಪ್ಪ ಮೇಲೆ ಏಳುವ ಜಾಗದಲ್ಲಿಯೇ, ಎರಡೂ ಕಾಲು ಒಳಗೆ ಇಳಿಬಿಟ್ಟು ಕುಳಿತುಕೊಂಡಳು. ಲಾಳಿ ನಿಂತಿತು. ನಾವು ಹೊಸ್ತಿಲು ದಾಟಿ ಮಗ್ಗದ ಕೋಣೆಗೆ ಕಾಲಿಟ್ಟಾಗ ಅಪ್ಪ ನಮ್ಮ ಗಂಟು ನೋಡಿದ.

“ಎಲ್ಲಿಗೆ?”

“ನಾ ಕಳಸಾಕತ್ತೀನಿ,” ಎಂದಳು ಆಯಿ. “ನೀ ಏಳಬೇಕಂದ್ರ ನನ್ನ ದೂಕಿ ಏಳು, ಈರಣ್ಣಾ. ನಾ ಇಲ್ಲೇ ಕುಂತೀನಿ.”

ನಾನು ಎಂದೂ ಅಷ್ಟು ಸದ್ದಿಲ್ಲದ ಕೋಣೆ ದಾಟಿಲ್ಲ. ಅವ್ವ ನನ್ನ ಭುಜದ ಮೇಲೆ ಕೈ ಇಟ್ಟು ನಡೆಸಿದಳು. ಓಡಬೇಕು ಅನ್ನಿಸುತ್ತಿತ್ತು, ಅವ್ವ ಓಡಲು ಬಿಡಲಿಲ್ಲ. ಅಪ್ಪನ ಎರಡೂ ಕೈ ಅರ್ಧ ನೇಯ್ದ ಸೀರೆಯ ಮೇಲೆ ಇದ್ದವು. ಅವನು ಆಯಿಯನ್ನು ದೂಕಲಿಲ್ಲ. ಆಮೇಲೆ ಅವನು ಎರಡು ಸಲ ಹೊಳೆಆಲೂರಿಗೆ ಬಂದ. ನನ್ನ ಮಾಮಾ ಅವನನ್ನು ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟ. ಅವ್ವ ಹೊರಗೆ ಬಂದು, ನಿಂತೇ, “ಮಗಳ್ನ ನೋಡಿ ಹೋಗ್ರಿ. ನಾ ಬರಾಂಗಿಲ್ಲ” ಎಂದಳು. ಅವನು ನನಗೆ ಒಂದು ಪೊಟ್ಟಣ ಕರದಂಟು ಕೊಟ್ಟು ಹೋದ. ನಾನು ಅದನ್ನು ತಿಂದೆ. ತಿಂದು ಅತ್ತೆ.

ನಾವು ಮನೆ ಬಿಟ್ಟ ಆ ಮುಂಜಾನೆ ಬಸ್‌ಸ್ಟ್ಯಾಂಡಿಗೆ ಅಕ್ಕೋರು ಬಂದಿದ್ದರು. ಸಾಲಿಯ ಕಾಗದಗಳ ಜೊತೆ ಒಂದು ಮಡಚಿದ ಚೀಟಿ ಅವ್ವನ ಕೈಗೆ ಕೊಟ್ಟು, “ಇದನ್ನ ಅಲ್ಲಿ ಕಲಿಸೋರ ಕೈಯಾಗ ಕೊಡ್ರಿ” ಎಂದರು. ನನ್ನ ತಲೆಯ ಮೇಲೆ ಕೈ ಇಟ್ಟರು, ಅಷ್ಟೇ. ಬಸ್ಸು ಹೊರಟಿತು. ನನ್ನ ಕಣ್ಣು ಕಿಟಕಿಯ ಹೊರಗೆ ಹೋಗಲಿಲ್ಲ, ಆ ಚೀಟಿಯ ಮೇಲೆಯೇ. ತಾಟಿನ ಸುದ್ದಿ, ಮಹಾದೇವಿಯ ಹುಬ್ಬು, ನಕಾಶೆ, ಒದ್ದೆಯಾದ ಲಂಗ, ಎಲ್ಲ ಅದರಲ್ಲಿ ಬರೆದಿರುತ್ತದೆ ಎಂದು ನನಗೆ ಖಾತ್ರಿಯಿತ್ತು. ಫೋನ್ ಮಾಡುವ ಬದಲು ಬರೆದು ಕಳಿಸಿದ್ದಾರೆ. ಅವ್ವನಿಗೆ ಓದಲು ಬರುತ್ತಿರಲಿಲ್ಲ. ರೋಣದಲ್ಲಿ ಬಸ್ಸು ಬದಲಿಸುವಾಗ ಅವಳು ನೀರು ಕುಡಿಯಲು ಹೋದಳು. ನಾನು ಚೀಟಿ ತೆಗೆದು ಅಂಗೈಯಲ್ಲಿ ಮುದ್ದೆ ಮಾಡಿದೆ. ಎದುರಿಗೇ ಗಟಾರವಿತ್ತು. ಎಸೆಯುವ ಮೊದಲು ಒಮ್ಮೆ ಓದೋಣ ಅನ್ನಿಸಿತು. ಹಲಗೆಯ ಮೇಲಿನಂಥದೇ ದುಂಡನೆಯ ಅಕ್ಷರ.

“ನೀಲಾ ನನ್ನ ವಿದ್ಯಾರ್ಥಿನಿ. ಓದಿನಲ್ಲಿ ಚುರುಕು. ವರ್ಗದಲ್ಲಿ ಮುಂದೆ ಏನು ನಡೆಯುತ್ತದೆ ಎಂದು ಇವಳಿಗೆ ಮೊದಲೇ ಹೇಳಿರಿ. ತಪ್ಪು ಮಾಡಿದರೆ ಇವಳಿಗೇ ಹೇಳಿರಿ, ಮನೆಗೆ ಹೇಳಿ ಕಳಿಸಬೇಡಿರಿ. ಎಲ್ಲಿ ಕೂರಬೇಕೆಂದು ಇವಳನ್ನೇ ಕೇಳಿರಿ. ನಾನು ತಡವಾಗಿ ಕೇಳಿದೆ.”

ಇಷ್ಟೇ ಇತ್ತು. ತಾಟಿಲ್ಲ, ನಕಾಶೆಯಿಲ್ಲ. ನಾನು ಅದನ್ನು ಬೆಂಚಿನ ಮೇಲಿಟ್ಟು ಅಂಗೈಯಿಂದ ತಿಕ್ಕಿ ತಿಕ್ಕಿ ಸುಕ್ಕು ಬಿಡಿಸಿದೆ. ಅವ್ವ ಬಂದು, “ಏನ ಬರದಾರ?” ಎಂದಳು. “ಓದಿನ್ಯಾಗ ಚುರುಕು ಅಂತ ಬರದಾರ” ಎಂದೆ. ಉಳಿದದ್ದು ಹೇಳದೆ ಚೀಟಿ ಮಡಚಿ ಪಾಟಿಚೀಲದಲ್ಲಿ ಇಟ್ಟುಕೊಂಡೆ.

ಹೊಳೆಆಲೂರಿನ ಸಾಲಿಯಲ್ಲಿ ಮೊದಲ ದಿನ ಚೀಟಿಯನ್ನು ನಾನೇ ಕೊಟ್ಟೆ. ಅಲ್ಲಿನ ಸರ್ ದಪ್ಪ ಮೀಸೆಯವರು, ಅವರ ಮೇಜಿನ ಮೇಲೆ ಬೆತ್ತ ಇತ್ತು. ಸುಕ್ಕುಗಟ್ಟಿದ ಚೀಟಿಯನ್ನು ಒಮ್ಮೆ ಓದಿದರು, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು. ಹೊರಗೆ ರೈಲು ಹಾದುಹೋಗುತ್ತಿತ್ತು. ಅದು ಹೋಗಿ ಮುಗಿದ ಮೇಲೆ ನನ್ನನ್ನು ಕೇಳಿದರು.

“ಎಲ್ಲಿ ಕುಂದರ್ತೀ, ನೀನ ಹೇಳವ್ವಾ.”

ನಾನು ಬೆಂಚುಗಳ ನಡುವೆ ಆ ಕಡೆ ಹೋದೆ, ಈ ಕಡೆ ಬಂದೆ. ಕಿಟಕಿಯ ಹತ್ತಿರ ನಿಂತೆ, ಬಿಟ್ಟೆ. ಹುಡುಗರು ಪಿಸುಗುಟ್ಟಿದರು, ಸರ್ ಕಾದರು. ಕೊನೆಗೆ ಬಾಗಿಲು ಕಾಣುವ ಮೂಲೆಯ ಬೆಂಚಿನ ಮೇಲೆ ಚೀಲ ಇಟ್ಟೆ. ಆ ವರ್ಷವೆಲ್ಲ ಅಲ್ಲಿಯೇ ಕುಳಿತೆ. ಯಾರೂ ಎಬ್ಬಿಸಲಿಲ್ಲ.